ಒಡೆಯನ ಹೆಸರು ಉಳಿಯಿತು, ಮೆಕ್ಯಾನಿಕ್‌ನ ಹೆಸರು?

ರೋಲ್ಸ್ ರಾಯ್ಸ್ ಕಾರಿನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ಕತೆ ಕೇಳಿಬರುತ್ತದೆ. ಭಾರತದ ರಾಜನೊಬ್ಬ ಸಾದಾ ಉಡುಪಿನಲ್ಲಿ ಲಂಡನ್ನಿನ ಮಳಿಗೆಗೆ ಹೋದನಂತೆ. ಮಾರಾಟಗಾರ ಅವನನ್ನು ಕೀಳಾಗಿ ಕಂಡನಂತೆ. ಸಿಟ್ಟಾದ ರಾಜ ಒಮ್ಮೆಗೇ ಹಲವು ಕಾರು ಕೊಂಡು, ಊರಿಗೆ ತಂದು, ಕಸ ಸಾಗಿಸಲು ಬಿಟ್ಟನಂತೆ. ಈ ರಾಜ ಯಾರು? ಕೆಲವರು ಆಳ್ವಾರದವನು ಎನ್ನುತ್ತಾರೆ, ಕೆಲವರು ಭರತಪುರದವನು, ಇನ್ನು ಕೆಲವರು ಹೈದರಾಬಾದಿನ ನಿಜಾಮ ಎನ್ನುತ್ತಾರೆ. ಘಟನೆ ಒಂದೇ, ನಾಯಕ ಮಾತ್ರ ಬೇರೆ ಬೇರೆ. ಒಂದೇ ಕತೆಗೆ ಇಷ್ಟು ಮಂದಿ ನಾಯಕರಿದ್ದರೆ ಅದನ್ನು ಇತಿಹಾಸವೆನ್ನುವ ಮೊದಲು ನಾವು ಸ್ವಲ್ಪ ತಡೆದು ನೋಡಬೇಕಾಗುತ್ತದೆ.

ಆಳುವವರಿಂದ ಅವಮಾನ ಉಂಡ ಜನಕ್ಕೆ ಇಂಥ ಕತೆ ಹಿತವಾಗಿರುತ್ತದೆ. ಅದು ಬಾಳಿದ್ದೂ ಆ ಕಾರಣಕ್ಕೇ. ಆದರೆ ಹಿತವಾದದ್ದೆಲ್ಲ ನಿಜವಾಗಬೇಕಿಲ್ಲ. ಯಾವ ಕಾರನ್ನು ಯಾರು, ಯಾವಾಗ ಕೊಂಡರು ಎಂದು ತಿಳಿಯಲು ಕಾಗದಪತ್ರ ಬೇಕು. ಆ ಕಾಗದಪತ್ರ ಇಂದಿಗೂ ಉಳಿದಿದೆ. ಅದನ್ನು ಕಾಯುತ್ತ ಬಂದಿರುವುದು ಹಳೆಯ ಕಾರುಗಳ ಹುಚ್ಚು ಹಿಡಿಸಿಕೊಂಡವರ ಒಂದು ಸಂಘ.

ಇಂಥ ಸಂಘಗಳು ಹುಟ್ಟಿದ್ದು ವೈಭವದ ಕಾಲದಲ್ಲಿ ಅಲ್ಲ, ಕೊರತೆಯ ಕಾಲದಲ್ಲಿ. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ ಬಳಲಿತ್ತು. ಪೆಟ್ರೋಲ್ ಪಡಿತರ 1950ರವರೆಗೂ ನಡೆಯಿತು. ದೊಡ್ಡ ಮನೆತನಗಳು ದೊಡ್ಡ ಕಾರುಗಳನ್ನು ಸಾಕಲಾರದೆ ಮಾರಿದವು. ಎಷ್ಟೋ ರೋಲ್ಸ್ ರಾಯ್ಸ್‌ಗಳು ಶವ ಸಾಗಿಸುವ ಗಾಡಿಗಳಾದವು, ಎಷ್ಟೋ ಗುಜರಿ ಸೇರಿದವು. ಉಳಿದವುಗಳಿಗೆ ಬಿಡಿಭಾಗ ಸಿಗದೆ ಹೋದಾಗ ಮಾಲೀಕರು ಒಬ್ಬರನ್ನೊಬ್ಬರು ಹುಡುಕಿಕೊಂಡರು. 1949ರಲ್ಲಿ ಬ್ರಿಟನ್ನಿನಲ್ಲಿ '20-ಘೋಸ್ಟ್ ಕ್ಲಬ್' ಆರಂಭವಾಯಿತು. 1951ರಲ್ಲಿ ಅಮೆರಿಕದಲ್ಲಿ ಮಾಲೀಕರ ಸಂಘ, 1957ರಲ್ಲಿ ಮತ್ತೆ ಬ್ರಿಟನ್ನಿನಲ್ಲಿ 'ರೋಲ್ಸ್ ರಾಯ್ಸ್ ಎಂಥೂಸಿಯಾಸ್ಟ್ಸ್ ಕ್ಲಬ್' ಬಂದವು. ಈ ಕೊನೆಯದರ ಹೆಸರನ್ನು ಗಮನಿಸಬೇಕು. ಅದು ಆಸಕ್ತರ ಸಂಘ. ಕಾರು ಇಲ್ಲದವನೂ ಸದಸ್ಯನಾಗಬಹುದು. ಅದಕ್ಕೆ ಪ್ರಾದೇಶಿಕ ಶಾಖೆಗಳಿವೆ. ಸದಸ್ಯರು ತಮ್ಮ ಸೀಮೆಯಲ್ಲೇ ಸೇರುತ್ತಾರೆ, ಕಾರು ಓಡಿಸುತ್ತಾರೆ, ಎಂಜಿನ್ ಬಿಚ್ಚಿ ಜೋಡಿಸುವ ವಿದ್ಯೆಯನ್ನು ಒಬ್ಬರಿಂದೊಬ್ಬರು ಕಲಿಯುತ್ತಾರೆ.

ಈ ಸಂಘದ ಕೇಂದ್ರ ಇರುವುದು ನಾರ್ಥಾಂಪ್ಟನ್‌ಷೈರಿನ ಪಾಲರ್ಸ್‌ಪರಿ ಎಂಬ ಹಳ್ಳಿಯ 'ಹಂಟ್ ಹೌಸ್'ನಲ್ಲಿ. ಕನ್ನಡಿಗರಿಗೆ ಈ ಹಳ್ಳಿಯ ಋಣ ಬೇರೊಂದಿದೆ. 1761ರಲ್ಲಿ ವಿಲಿಯಂ ಕ್ಯಾರಿ ಹುಟ್ಟಿದ್ದು ಅಲ್ಲಿಯೇ. ಚಪ್ಪಲಿ ಹೊಲಿಯುವ ಕಸುಬು ಕಲಿತಿದ್ದ ಆತ ಪಾದ್ರಿಯಾಗಿ ಬಂಗಾಳಕ್ಕೆ ಬಂದು, 1817ರಲ್ಲಿ ಸೆರಾಂಪುರದ ಮುದ್ರಣಾಲಯದಿಂದ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಹೊರತಂದ. ಅದೇ ಹಳ್ಳಿಯಲ್ಲಿ ಈಗ ಸಾವಿರಾರು ಕಾರುಗಳ ಜಾತಕವಿದೆ.

ಜಾತಕ ಎಂದದ್ದು ಸುಮ್ಮನೆ ಅಲ್ಲ. ಎರಡನೇ ಮಹಾಯುದ್ಧದವರೆಗೆ ರೋಲ್ಸ್ ರಾಯ್ಸ್ ಕಂಪನಿ ಪೂರ್ತಿ ಕಾರನ್ನು ಮಾರುತ್ತಿರಲಿಲ್ಲ. ಎಂಜಿನ್ ಮತ್ತು ಚಾಸಿಯನ್ನು ಮಾತ್ರ ತಯಾರಿಸುತ್ತಿತ್ತು. ಮೇಲಿನ ಬಾಡಿಯನ್ನು ಗಿರಾಕಿಯ ಇಷ್ಟದಂತೆ ಬಾರ್ಕರ್, ಹೂಪರ್ ಮೊದಲಾದ ಕಾರ್ಖಾನೆಗಳು ಕಟ್ಟುತ್ತಿದ್ದವು. ಆದ್ದರಿಂದ ಒಂದು ಕಾರು ಇನ್ನೊಂದರಂತೆ ಇರಲಿಲ್ಲ. ಪ್ರತಿ ಚಾಸಿಗೂ ಒಂದು ಸಂಖ್ಯೆ, ಆ ಸಂಖ್ಯೆಗೊಂದು ಕಾರ್ಡು. ಕೊಂಡವರ ಹೆಸರು, ಬಾಡಿ ಕಟ್ಟಿದವರು, ಪರೀಕ್ಷೆಯಾದ ದಿನ, ಯಾವ ದೇಶದ ರಸ್ತೆಗೆ ಎಂಬ ಸೂಚನೆಗಳು ಅದರಲ್ಲಿ ಸಿಗುತ್ತವೆ. ಭಾರತದಂಥ ದೇಶಗಳಿಗೆ ಹೊರಟ ಕಾರಿಗೆ ಗಟ್ಟಿಯಾದ ಸ್ಪ್ರಿಂಗು ಹಾಕುವುದೂ ಇತ್ತು.

ನೂರಾರು ರೋಲ್ಸ್ ರಾಯ್ಸ್‌ಗಳು ಭಾರತಕ್ಕೆ ಬಂದವು. 1908ರಲ್ಲಿ ಮುಂಬಯಿ ಮತ್ತು ಕೊಲ್ಹಾಪುರದ ನಡುವಿನ ಪರೀಕ್ಷೆಯಲ್ಲಿ ಘಾಟಿ ಹತ್ತಿಳಿದು ಹೆಸರಾದ 'ಪರ್ಲ್ ಆಫ್ ದಿ ಈಸ್ಟ್' ಎಂಬ ಕಾರನ್ನು ಗ್ವಾಲಿಯರ್ ಮಹಾರಾಜ ಕೊಂಡ. ಹೈದರಾಬಾದಿನ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಸಿಂಹಾಸನದಂತೆ ಎತ್ತರಿಸಿದ ಆಸನವಿರುವ ಹಳದಿ ಕಾರೊಂದನ್ನು ಬಯಸಿದ್ದ. ಅದು ಕೈಸೇರುವ ಮೊದಲೇ, 1911ರಲ್ಲಿ ತೀರಿಕೊಂಡ. ಆ ಕಾರು ಓಡಿದ್ದು ಕೆಲವೇ ನೂರು ಮೈಲಿ. ಚೌಮಹಲ್ಲಾ ಅರಮನೆಗೆ ಹೋದವರು ಅದನ್ನು ನೋಡಿರಬಹುದು.

ರಾಜರಿಗೂ ಕಂಪನಿಗೂ ಒಂದೇ ವರ್ಷ ಪೆಟ್ಟು ಬಿದ್ದದ್ದು ಕಾಲದ ವಿಚಿತ್ರ. 1971ರ ಫೆಬ್ರವರಿಯಲ್ಲಿ ರೋಲ್ಸ್ ರಾಯ್ಸ್ ದಿವಾಳಿಯೆದ್ದಿತು. ಅದೇ ಡಿಸೆಂಬರಿನಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನು ರದ್ದುಮಾಡಿತು. ಅರಮನೆಗಳ ಕಾರುಗಳು ಅದಕ್ಕೂ ಮೊದಲೇ ವಿದೇಶಿ ವ್ಯಾಪಾರಿಗಳ ಕೈಗೆ ಹೋಗತೊಡಗಿದ್ದವು. ಬಳಿಕ ಸರ್ಕಾರ ಇಂಥ ಹಳೆಯ ಕಾರುಗಳ ರಫ್ತಿಗೆ ತಡೆ ಹಾಕಿತು. ಹೊರಟುಹೋದ ಕಾರುಗಳ ಗುರುತು ಹಿಡಿಯಲು ನೆರವಾದದ್ದು ಆ ಹಳೆಯ ಕಾರ್ಡುಗಳು. ಕಸದ ಗಾಡಿಯ ಕತೆಯನ್ನು ಒರೆಗೆ ಹಚ್ಚುವವರೂ ಇವುಗಳತ್ತಲೇ ನೋಡಬೇಕು. ಒಬ್ಬ ರಾಜ ಒಂದೇ ದಿನ ಹಲವು ಕಾರು ಕೊಂಡಿದ್ದರೆ ಅದರ ಜಾಡು ಅಲ್ಲಿ ಇರಲೇಬೇಕು.

ಸಿರಿವಂತರ ಹವ್ಯಾಸವೆಂದು ಇದನ್ನು ತಳ್ಳಿಹಾಕುವುದು ಸುಲಭ. ದುಂದುವೆಚ್ಚವನ್ನು ನಮ್ಮ ಧರ್ಮ ಒಪ್ಪುವುದಿಲ್ಲ, ಆ ಕಾರುಗಳ ಹಿಂದೆ ರೈತರ ಕಂದಾಯವಿತ್ತು ಎಂಬುದನ್ನು ಮರೆಯುವಂತೆಯೂ ಇಲ್ಲ. ಆದರೆ ಈ ಕಾರನ್ನು ರೂಪಿಸಿದ ಹೆನ್ರಿ ರಾಯ್ಸ್ ಬಡವರ ಮಗ. ಬಾಲ್ಯದಲ್ಲಿ ಪತ್ರಿಕೆ ಮಾರಿದವನು, ತಂತಿ ಹಂಚಿದವನು. ಹಣವಿಲ್ಲದೆ ರೈಲ್ವೆ ಕಾರ್ಖಾನೆಯ ಕಲಿಕೆಯನ್ನು ಅರ್ಧಕ್ಕೇ ಬಿಟ್ಟವನು. ಹೆಸರು ಗಳಿಸಿದ ಮೇಲೂ ತನ್ನನ್ನು ಮೆಕ್ಯಾನಿಕ್ ಎಂದೇ ಕರೆದುಕೊಂಡ. ಕೈಗೆತ್ತಿಕೊಂಡ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತ ಮೌಲ್ಯವಲ್ಲ.

ಆದರೂ ಆ ಕಾರ್ಡುಗಳಲ್ಲಿ ಒಂದು ದೊಡ್ಡ ಖಾಲಿ ಜಾಗವಿದೆ. ಕೊಂಡ ಮಹಾರಾಜನ ಹೆಸರು ಅಲ್ಲಿದೆ. ಹಡಗಿನಿಂದ ಇಳಿದ ಕಾರನ್ನು ಇಲ್ಲಿ ಮುಂದೆ ಐವತ್ತು ವರ್ಷ ಓಡುವಂತೆ ನೋಡಿಕೊಂಡವನ ಹೆಸರಿಲ್ಲ. ಬಿಡಿಭಾಗ ಇಂಗ್ಲೆಂಡಿನಿಂದ ಬರಲು ತಿಂಗಳುಗಳೇ ಬೇಕಿದ್ದ ಕಾಲದಲ್ಲಿ ಲೇತಿನ ಮೇಲೆ ಅದನ್ನು ತಾನೇ ಕಡೆದುಕೊಂಡವನು, ತಗಡು ಬಡಿದು ನೇರ ಮಾಡಿದವನು, ಸೀಟಿಗೆ ಚರ್ಮ ಹೊಲಿದವನು, ಇವರ್ಯಾರೂ ಯಾವ ಕಾಗದದಲ್ಲೂ ಇಲ್ಲ. ಬೆಂಗಳೂರಿನ ಶಿವಾಜಿನಗರ, ಜೆ.ಸಿ. ರಸ್ತೆಗಳ ಗ್ಯಾರೇಜುಗಳಲ್ಲಿ ಶಾಲೆ ಬಿಟ್ಟ ಹುಡುಗರು ಉಸ್ತಾದರ ಕೈಕೆಳಗೆ ಇಂಥದೇ ವಿದ್ಯೆ ಕಲಿತರು. ಅವರಲ್ಲಿ ನಮ್ಮ ಸಮುದಾಯದವರು ಬಹಳ ಮಂದಿ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳನ್ನು ಕಂಡು ಬೆರಗಾಗುವ ನಾವು ಅವನ್ನು ಓಡಿಸುತ್ತ ಬಂದ ಕೈಗಳ ಬಗ್ಗೆ ಕೇಳುವುದು ಕಡಿಮೆ.

ಆಸಕ್ತರ ಆ ಸಂಘದಿಂದ ನಾವು ಕಲಿಯಬೇಕಾದದ್ದು ಕಾರಿನ ಮೋಹವನ್ನಲ್ಲ, ಬರೆದಿಡುವ ಶಿಸ್ತನ್ನು. ಅವರು ಕಾಗದವನ್ನು ಉಳಿಸಿದ್ದರಿಂದ ಒಂದೊಂದು ಚಾಸಿಗೂ ಚರಿತ್ರೆ ದಕ್ಕಿತು. ನಮ್ಮ ಊರಿನ ಹಿರಿಯ ಮೆಕ್ಯಾನಿಕ್ ಯಾರು, ಅವರ ಉಸ್ತಾದ್ ಯಾರು, ಯಾವ ಗಾಡಿಯ ಯಾವ ಭಾಗವನ್ನು ಅವರು ತಮ್ಮ ಕೈಯಾರೆ ಮಾಡಿದ್ದರು? ಒಂದು ನೋಟ್‌ಬುಕ್ಕಿನಲ್ಲಿ ಇಷ್ಟನ್ನು ಬರೆದಿಡಲು ಅರಮನೆಯ ಸಂಪತ್ತು ಬೇಕಿಲ್ಲ. ಆ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಬರೆಯಬೇಕು.