ಕಂಟ್ರೋಲರಿನ ನೆನಪಿನ ಕಥೆ

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಿಎಲ್‌ಸಿ ನೋಡಿಕೊಳ್ಳುವ ನನಗೆ ಕರೆಂಟ್ ಹೋಗೋದು ಹೊಸದಲ್ಲ. 2023ರ ಆಗಸ್ಟ್ 25ರ ರಾತ್ರಿಯಂತೂ ಕೀನ್ಯಾದ ಬಹುಭಾಗವೇ ಕತ್ತಲಾಯಿತು. ಆಗ ಯಂತ್ರದ ನೆನಪು ಉಳಿಯುವುದು ಹೇಗೆ?

1969ರ ಮೋಡಿಕಾನ್ 084ರಲ್ಲಿ ಪ್ರೋಗ್ರಾಮ್ ಪುಟಾಣಿ ಕಾಂತದ ಬಳೆಗಳಲ್ಲಿತ್ತು. ಕರೆಂಟ್ ಹೋದರೂ ಅಳಿಯುತ್ತಿರಲಿಲ್ಲ. ಆಮೇಲೆ ಬಂದ ರ‍್ಯಾಮ್ ಬ್ಯಾಟರಿ ಕೇಳಿತು. 1984ರಲ್ಲಿ ತೋಷಿಬಾದ ಫುಜಿಯೊ ಮಸುವೊಕ ಜಗತ್ತಿಗೆ ತೋರಿಸಿದ ಫ್ಲ್ಯಾಶ್ ಆ ಹಂಗನ್ನು ಬಿಡಿಸಿತು. ಇಂದಿನ ಮೆಮೊರಿ ಕಾರ್ಡು ಅದರ ಸಂತಾನ. ಆದರೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ, ಯಾರಾದರೂ ಕಾರ್ಡ್ ಕಿತ್ತರೆ, ಬರೆದದ್ದು ಕೆಡಬಹುದು. ಲೈನ್ ನಿಂತರೆ ದಿನಗೂಲಿಯವರು ಬರಿಗೈಲಿ ಮನೆಗೆ ಹೋಗಬೇಕಾದೀತು.

ಅದಕ್ಕೇ ಹೊಸ ಹುಡುಗರಿಗೆ ಹೇಳ್ತೀನಿ: ಕಂಟ್ರೋಲರಿಗೆ ಯುಪಿಎಸ್ ಕೊಡಿ. ಬರೆಯೋದು ಮುಗಿದ ಮೇಲೆ ಪವರ್ ಆಫ್ ಮಾಡಿಯೇ ಕಾರ್ಡ್ ತೆಗೀರಿ. ಪ್ರೋಗ್ರಾಮಿನ ಇನ್ನೊಂದು ಪ್ರತಿ ಬೇರೆ ಕಡೆ ಇಡಿ.