ಅಪ್ಪನ ಲಿವರ್‌ನಲ್ಲೊಂದು ಚುಕ್ಕೆ

ಹೊಟ್ಟೆನೋವು ಅಂತ ಅಪ್ಪ ಹೊಳೆಹೊನ್ನೂರಿನಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದರು. ಅಲ್ಟ್ರಾಸೌಂಡ್ ರಿಪೋರ್ಟಿನಲ್ಲಿ ಲಿವರ್ ಒಳಗೆ 3 ಸೆಂಟಿಮೀಟರಿನ ಚುಕ್ಕೆ. "ಕ್ಯಾನ್ಸರ್ರೇನೋ ಮಗಾ? ಅಮ್ಮಂಗೆ ಹೇಳ್ಬೇಡ" ಅಂದರು ಫೋನಿನಲ್ಲಿ. ಸಿ.ಟಿ.ಯಲ್ಲೂ ಖಚಿತವಾಗಲಿಲ್ಲ. ಎದೆಯಲ್ಲಿ ಹಳೇ ಪೇಸ್‌ಮೇಕರ್ ಇದ್ದದ್ದರಿಂದ ಎಂ.ಆರ್.ಐ. ಬೇಡ ಅಂದರು. ರಕ್ತನಾಳಗಳ ಗಂಟಾಗಿದ್ದರೆ ಸೂಜಿ ಚುಚ್ಚಿದಾಗ ರಕ್ತ ಸೋರುವ ಭಯ. ಕೊನೆಗೆ ಬೆಂಗಳೂರಿನಲ್ಲಿ ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿಸಿ ಅಂತ ಬರೆದುಕೊಟ್ಟರು. ನಿದ್ದೆ ಬರಲಿಲ್ಲ. ಅದರ ಇತಿಹಾಸ ಓದುತ್ತಾ ಕೂತೆ.

1951ರಲ್ಲಿ ಅಮೆರಿಕದ ಬೆನೆಡಿಕ್ಟ್ ಕ್ಯಾಸೆನ್ ಮೊದಲ ಸ್ಕ್ಯಾನರ್ ಮಾಡಿದ. ನಮ್ಮ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಹಾಗೆ ಅದು ಸಾಲು ಸಾಲಾಗಿ ಚುಕ್ಕೆ ಒತ್ತುತ್ತಿತ್ತು. 1957ರಲ್ಲಿ ಹಾಲ್ ಆ್ಯಂಗರ್‌ನ ಗಾಮಾ ಕ್ಯಾಮೆರಾ ಬಂತು, ಚಿತ್ರ ಒಂದೇ ಸಲಕ್ಕೆ ಮೂಡತೊಡಗಿತು. ಆಗ ಲಿವರ್‌ಗೆ ಕೊಡುತ್ತಿದ್ದದ್ದು ವಿಕಿರಣ ಸೂಸುವ ಚಿನ್ನದ ಸಣ್ಣ ಕಣಗಳು! 1964ರ ಹೊತ್ತಿಗೆ ಆ ಜಾಗಕ್ಕೆ ಟೆಕ್ನೀಷಿಯಂ ಬಂತು. ಮಾಲಿಬ್ಡಿನಂ ತುಂಬಿದ ಡಬ್ಬಿಯಿಂದ ಇದನ್ನು ದಿನಾ ಇಳಿಸಿಕೊಳ್ಳುತ್ತಾರೆ. ಲ್ಯಾಬಿನವರು ಆ ಡಬ್ಬಿಗೆ 'ಹಸು' ಅಂತಲೇ ಹೆಸರಿಟ್ಟಿದ್ದಾರೆ. ಬೆಳಿಗ್ಗೆ ಕರೆದದ್ದು 6 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಹಾಗಾಗಿ ರೋಗಿಯ ಮೈಯಲ್ಲಿ ಹೆಚ್ಚು ಹೊತ್ತು ಉಳಿಯಲ್ಲ. ನಮ್ಮ ದೇಶದಲ್ಲಿ 1963ರಲ್ಲಿ ಮುಂಬಯಿಯ ರೇಡಿಯೇಷನ್ ಮೆಡಿಸಿನ್ ಸೆಂಟರ್ ಶುರುವಾಯಿತು.

ಲಿವರಿನಲ್ಲಿ ಕುಪ್ಫರ್ ಕೋಶಗಳಿವೆ, ರಕ್ತದಲ್ಲಿ ಬಂದ ಕಸ ನುಂಗುವುದು ಅವುಗಳ ಕೆಲಸ. ಈ ಕಣಗಳನ್ನೂ ನುಂಗಿ ಹೊಳೆಯುತ್ತವೆ. ಗಡ್ಡೆ ಇದ್ದಲ್ಲಿ ಸಾಮಾನ್ಯವಾಗಿ ಆ ಕೋಶಗಳಿಲ್ಲ, ಕತ್ತಲೆ ಕಾಣುತ್ತದೆ. ತೊಂದರೆ ಏನಪ್ಪಾ ಅಂದ್ರೆ, ಕೀವು, ನೀರಿನ ಚೀಲ, ಕ್ಯಾನ್ಸರ್, ರಕ್ತನಾಳದ ಗಂಟು ಎಲ್ಲವೂ ಕತ್ತಲೆಯೇ. ಮುಂದೆ ಅಲ್ಟ್ರಾಸೌಂಡ್, ಸಿ.ಟಿ. ಬಂದ ಮೇಲೆ ಈ ಸ್ಕ್ಯಾನ್ ಹಿಂದೆ ಸರಿಯಿತು. ಆದರೆ ಅದರ ಒಂದು ತಮ್ಮ ಉಳಿದುಕೊಂಡ. ರೋಗಿಯದೇ ಕೆಂಪು ರಕ್ತಕಣಗಳಿಗೆ ಟೆಕ್ನೀಷಿಯಂ ಅಂಟಿಸಿ ನೋಡುವ ಸ್ಕ್ಯಾನ್ ಅದು. ರಕ್ತನಾಳದ ಗಂಟಿನಲ್ಲಿ ರಕ್ತ ಕೆರೆಯ ನೀರಿನ ಹಾಗೆ ನಿಧಾನವಾಗಿ ತುಂಬುತ್ತದೆ. ಮೊದಲು ಮಂಕಾಗಿದ್ದ ಜಾಗ ಒಂದೆರಡು ಗಂಟೆಯ ಮೇಲೆ ಸುತ್ತಲಿನ ಲಿವರಿಗಿಂತ ಹೆಚ್ಚು ಹೊಳೆಯುತ್ತದೆ.

ಅಪ್ಪನದೂ ಹೊಳೆಯಿತು. ಹಿಮಾಂಜಿಯೋಮ, ಕ್ಯಾನ್ಸರಲ್ಲ. ಆರು ತಿಂಗಳಿಗೊಮ್ಮೆ ನೋಡಿಸಿದರೆ ಸಾಕು ಅಂದರು ಡಾಕ್ಟರು.

ಜೀವಮಾನವಿಡೀ ನಾನು ಬಗ್ ಹುಡುಕುವವನು. ಪ್ರಶ್ನೆ ಸರಿಯಾಗಿ ಕೇಳಿದರೆ ಉತ್ತರ ತಾನೇ ಹೊಳೆಯುತ್ತೆ ಅಂತ ಅವತ್ತು ಕಣ್ಣಾರೆ ಕಂಡೆ. ಅಪ್ಪ ಮಾತ್ರ ಊರಿಗೆ ಹೋಗೋ ಬಸ್ಸಿನಲ್ಲಿ ಕೇಳಿದ್ದು ಒಂದೇ: "ಈಗ ಅಮ್ಮಂಗೆ ಹೇಳ್ಬೋದಲ್ಲೇನೋ?"