ಕಲ್ಲಿನಲ್ಲಿ ಉಳಿದ ಮನೆ

ಇಳಕಲ್ಲು, ಹುನಗುಂದಗಳ ಹಳೆಯ ಮನೆಗಳನ್ನು ಶ್ರೋತೃಗಳು ಬಲ್ಲರು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ, ನಡುವೆ ಬೆಳಕಿಂಡಿ. ಮಳೆ ಕಡಿಮೆಯಾದ ಸೀಮೆಗೆ ಒಪ್ಪುವ ಮಾಳಿಗೆ ಅದು.

ಇಂಥ ಮರಗೆಲಸದ ನೆನಪು ಐಹೊಳೆಯ ಲಾಡಖಾನ ಗುಡಿಯಲ್ಲಿದೆ. ಚಾಲುಕ್ಯರ ಕಾಲದ ಆ ಗುಡಿಯ ಚಾವಣಿಯಲ್ಲಿ ಚಪ್ಪಡಿಗಳ ಸಂದುಗಳನ್ನು ಮುಚ್ಚಿರುವುದು ಮರದ ದಿಮ್ಮಿಯಂತೆ ಕಡೆದ ಉದ್ದನೆಯ ಕಲ್ಲುಗಳು. ಬಡಗಿಯ ರೂಢಿಯನ್ನು ಕಲ್ಲುಕುಟಿಗ ಬಿಟ್ಟುಕೊಡಲಿಲ್ಲ. ಮುಂದೆ ಅದೇ ಗುಡಿಯನ್ನು ಮನೆ ಮಾಡಿಕೊಂಡವನ ಹೆಸರೇ ಅದಕ್ಕೆ ನಿಂತಿತು.

ಗುಡಿಗೆ ಹೋದದ್ದು ತೊಲೆಯೊಂದೇ ಅಲ್ಲ. ಪಟ್ಟದಕಲ್ಲಿನ ಗಳಗನಾಥ ಗುಡಿಯ ಶಿಖರದಲ್ಲಿ, ಕಳಶದ ಕೆಳಗಿರುವ ಗೀರುಗೀರಾದ ದುಂಡುಗಲ್ಲಿಗೆ ಆಮಲಕವೆಂದು ಹೆಸರು; ಎಂದರೆ ನಮ್ಮ ನೆಲ್ಲಿಕಾಯಿ. ಉಪ್ಪಿನಕಾಯಿಗೆ, ತ್ರಿಫಲ ಚೂರ್ಣಕ್ಕೆ, ತಲೆಗೆ ಹಚ್ಚುವ ಎಣ್ಣೆಗೆ ಒದಗುವ ಈ ಕಾಯಿ, ಕಾರ್ತಿಕದ ತುಳಸಿ ಲಗ್ನದಂದು ಕೊಂಬೆಸಹಿತ ಅಂಗಳದ ಕಟ್ಟೆಯನ್ನೇರುತ್ತದೆ.

ಪಟ್ಟದಕಲ್ಲು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಮಣ್ಣಿನ ಮಾಳಿಗೆಗಳಾದರೋ ಸಿಮೆಂಟಿಗೆ ಎಡೆಗೊಟ್ಟು ಒಂದೊಂದಾಗಿ ನೆಲಕ್ಕಿಳಿಯುತ್ತಿವೆ. ಅವು ಅಳಿದ ಮೇಲೆ ಐಹೊಳೆಯ ಕಲ್ಲುದಿಮ್ಮಿಯ ಅರ್ಥವನ್ನು ಮಕ್ಕಳಿಗೆ ಯಾವ ಮನೆಯನ್ನು ತೋರಿಸಿ ಹೇಳೋಣ?